ಒಲ್ಲೆ ಅನ್ನುವ ಅಭ್ಯಾಸ

ಜೂನ್ 3, 2007, ಭಾನುವಾರ

ಈ ಡೈರಿ ಕಳೆದ ವರ್ಷದ್ದು, ಆಫೀಸಿನಲ್ಲಿ ಮಿಕ್ಕಿದ್ದು. ತಾರೀಖು ಸರಿ, ವಾರ ತಪ್ಪು. ಅಚ್ಚಾದ ವಾರವನ್ನು ಹೊಡೆದುಹಾಕಿ ಸರಿಯಾದುದನ್ನು ಬರೆದುಕೊಳ್ಳುತ್ತೇನೆ. ಅಪ್ಪನಿಗೆ ಓದು ಬರುವುದಿಲ್ಲ, ಪಕ್ಕದ ರೂಮಿನ ಪೀರಮ್ಮನಿಗೂ ಬರುವುದಿಲ್ಲ. ಬಚ್ಚಿಡುವ ಕಷ್ಟವಿಲ್ಲ. ಆದರೂ ಅಕ್ಕಿ ಡಬ್ಬಿಯ ಹಿಂದೆ ಇಡುತ್ತೇನೆ.

ಬೆಳಿಗ್ಗೆ ಮ್ಯಾನೇಜರ್ ಸಾಹೇಬರು ಕಮ್ಮನಹಳ್ಳಿಯ ಹೊಸ ಮನೆಗೆ ಸಾಮಾನು ಸಾಗಿಸಲು ಕರೆದಿದ್ದರು. ಭಾನುವಾರವೂ ಕರೆಯುತ್ತಾರೆ, ನಾನೂ ಹೋಗುತ್ತೇನೆ. ಹದಿನಾಲ್ಕು ವರ್ಷದಿಂದ ನಡೆದುಬಂದದ್ದು. ಫ್ರಿಜ್ಜನ್ನು ಎರಡನೇ ಮಹಡಿಗೆ ಏರಿಸಿ, ಸೊಂಟ ಹಿಡಿದುಕೊಂಡೇ ಇಂದಿರಾನಗರದ ಬಸ್ಸು ಹತ್ತಿದೆ.

ಹೋದದ್ದು ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಗುಂಪಿನ ಕಾಫಿ ಮೀಟಿಂಗಿಗೆ. ಶಿವಾಜಿನಗರದ ಹಬೀಬ್ ಭಾಯಿಯ ಬ್ರೌಸಿಂಗ್ ಸೆಂಟರಿನಲ್ಲಿ, ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಎಂಟು ತಿಂಗಳಿಂದ ಅವರ ಬರಹ ಓದುತ್ತಿದ್ದೆ. ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ನನಗೆ ಮೊದಲೇ ಗೊತ್ತಿದ್ದದ್ದು. ಒಬ್ಬರು ಅಪ್ಪಣೆ ಮಾಡುವುದು, ಇನ್ನೊಬ್ಬರು ನಡೆಸುವುದು. ಕಟ್ಟುವುದು, ಕಟ್ಟಿಸಿಕೊಳ್ಳುವುದು. ಎಲ್ಲವೂ ಇಬ್ಬರೂ ಕೂತು ಮಾತಾಡಿ ಒಪ್ಪಿಕೊಂಡ ಮೇಲೆ. ಇಂಥವರು ಈ ಊರಿನಲ್ಲಿ ಮೂವತ್ತು ಜನ ಇದ್ದಾರೆ ಎಂದು ತಿಳಿದ ದಿನ ಸೆಂಟರಿನಿಂದ ಹೊರಗೆ ಬಂದು ಸುಮ್ಮನೆ ರಸೆಲ್ ಮಾರ್ಕೆಟ್ಟಿನವರೆಗೆ ನಡೆದುಹೋಗಿದ್ದೆ. ಇಪ್ಪತ್ತೈದನೆಯ ವಯಸ್ಸಿನಿಂದ ನಾನೊಬ್ಬನೇ ಎಂದುಕೊಂಡಿದ್ದೆ. ಈಗ ಮೂವತ್ತೊಂಬತ್ತು. ಅವರು ಇದಕ್ಕೆ ಕಿಂಕ್ ಅನ್ನುತ್ತಾರೆ. ನನಗೆ ಆ ಮಾತು ಬಾಯಿಗೆ ಹತ್ತುವುದಿಲ್ಲ. ನಾನು 'ನನ್ನ ಸಂಗತಿ' ಅನ್ನುತ್ತೇನೆ.

ಏಳು ಜನ ಬಂದಿದ್ದರು. ಗುಂಪಿನೊಳಗೆ ಎಲ್ಲರಿಗೂ ಒಂದೊಂದು ಇಟ್ಟುಕೊಂಡ ಹೆಸರು. ಗುಂಪನ್ನು ನಡೆಸುವವರು ಕ್ಯಾಪ್ಟನ್, ಕಂಪ್ಯೂಟರ್ ಕಂಪನಿಯ ಸಣಕಲ ಮನುಷ್ಯ. ವೆಲ್ವೆಟ್ ಎಂಬ ಮೇಡಂ ಕಾಲೇಜಿನಲ್ಲಿ ಪಾಠ ಹೇಳುವವರು. ಮೂಲೆಯಲ್ಲಿ ಹಂಸ ಎಂಬಾಕೆ, ನಲವತ್ತೈದು ದಾಟಿದವರು, ಕಾಟನ್ ಸೀರೆ, ಮಾತು ಕಡಿಮೆ. ಕ್ಯಾಪ್ಟನ್ ನನ್ನ ಗುರುತಿನ ಚೀಟಿ ನೋಡಿ ವಯಸ್ಸು ಖಾತ್ರಿ ಮಾಡಿಕೊಂಡು, "ನಿಮ್ಮ ಬಗ್ಗೆ ಹೇಳಿ ಬಾಸ್" ಎಂದರು. ನಾನು ಎದ್ದು ನಿಂತು ಕೈ ಕಟ್ಟಿ, "ಶರಣಬಸವ, ತಂದೆ ಬಸಣ್ಣ, ಜೇವರ್ಗಿ ತಾಲೂಕು, ಈಗ ಕೆ.ಆರ್. ಪುರ, ಇನ್‌ಫೆಂಟ್ರಿ ರೋಡಲ್ಲಿ ಅಟೆಂಡರ್" ಎಂದು ಒಪ್ಪಿಸಿಬಿಟ್ಟೆ. ರೇಷನ್ ಆಫೀಸಿನ ಅಭ್ಯಾಸ.

ಕ್ಯಾಪ್ಟನ್ ಹಣೆ ಹಿಡಿದುಕೊಂಡರು. "ಗುರು, ನಿಜವಾದ ಹೆಸರು ಹೇಳ್ಬಾರ್ದಿತ್ತು!" ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಟ್ಟ ನಗುವಲ್ಲ.

"ನಿಮಗೆ ಏನಿಷ್ಟ?" ಎಂದು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆಯಂತೆ. "ಹೇಳಿದ್ದು ಕೇಳೋದು. ಮಂಡಿ ಊರೋದು. ಕೈ ಕಟ್ಟಿಸ್ಕೊಳ್ಳೋದು," ಅಂದೆ. ಹದಿನಾಲ್ಕು ವರ್ಷ ಒಳಗೆ ಇಟ್ಟುಕೊಂಡಿದ್ದ ಮಾತು ಮೂರು ವಾಕ್ಯದಲ್ಲಿ ಮುಗಿದುಹೋಯಿತು. ವೆಲ್ವೆಟ್ ಮೇಡಂ ನನ್ನ ಕಡೆ ಬಾಗಿ ಮೆಲ್ಲಗೆ, "ಶರಣಬಸವ, ಪ್ಲೀಸ್. ಇಲ್ಲಿ ನೀವು ಯಾರ ಮಾತೂ ಕೇಳ್ಬೇಕಾಗಿಲ್ಲ. ಇಲ್ಲಿ ಎಲ್ರೂ ಈಕ್ವಲ್," ಎಂದರು.

"ಆಯ್ತು ಮೇಡಂ," ಅಂದೆ.

ಜೂನ್ 5, ಮಂಗಳವಾರ

ಅಪ್ಪನ ಎಡಗಣ್ಣಿನ ಪೊರೆ ತೆಗೆದು ಹತ್ತು ದಿನ. ಬಲಗಣ್ಣು ಮುಂದಿನ ತಿಂಗಳು. ಅಲ್ಲಿಯವರೆಗೆ ಈ ಹತ್ತಡಿ ರೂಮಿನಲ್ಲಿ ನಾವಿಬ್ಬರು. ಇರುವ ಒಂದು ಕುರ್ಚಿಯಲ್ಲಿ ಕೂತು ಗೌಡನ ಗತ್ತಿನಲ್ಲಿ "ಶರಣ್ಯಾ, ಚಾ ತಾ" ಅನ್ನುತ್ತಾನೆ. ಹತ್ತೊಂಬತ್ತು ವರ್ಷ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಕುರ್ಚಿ ಸಿಕ್ಕ ಸುಖವನ್ನು ಅನುಭವಿಸಲಿ ಎಂದು ಚಹಾ ಮಾಡಿಕೊಡುತ್ತೇನೆ. ದಿನಕ್ಕೆ ಆರು ಸಲ.

ಜೂನ್ 17, ಭಾನುವಾರ

ಕ್ಯಾಪ್ಟನ್ ಅವರ ಇಂದಿರಾನಗರದ ಫ್ಲ್ಯಾಟಿನಲ್ಲಿ ಸೇರಿದ್ದೆವು. ಹನ್ನೊಂದು ಗಂಟೆಗೆ ಶುರು, ಎರಡಕ್ಕೆ ಮುಕ್ತಾಯ. ದೊಡ್ಡ ಬ್ಯಾಂಕಿನ ಆಫೀಸರೊಬ್ಬರು ಬಂದಿದ್ದರು. ಅವರನ್ನು ಏನು ಬೇಕು ಎಂದು ಕೇಳಿದಾಗ ನನ್ನದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ತಲೆದೂಗಿದರು. ಹದಿನೈದು ನಿಮಿಷದಲ್ಲಿ ಅವರು ಕಾರ್ಪೆಟ್ಟಿನ ಮೇಲೆ ಮಂಡಿ ಊರಿ, ಒಬ್ಬರ ಅಪ್ಪಣೆಗೆ ಕಾದು ಕೂತಿದ್ದರು. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ!

ನನ್ನನ್ನು ಮಾತ್ರ ದೊಡ್ಡ ಸೋಫಾದ ನಟ್ಟನಡುವೆ ಕೂರಿಸಿದ್ದರು. ಕಾಫಿ ತಂದು ಕೈಗಿತ್ತರು. ನಾನು ಅಭ್ಯಾಸಬಲದಿಂದ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿ ತೊಳೆಯಲು ಶುರು ಮಾಡಿದರೆ ವೆಲ್ವೆಟ್ ಮೇಡಂ ಓಡಿಬಂದು ಕಸಿದುಕೊಂಡರು. "ನೀವಲ್ಲ, ನೀವಲ್ಲ!" ಅವರ ಕಣ್ಣಲ್ಲಿ ನೀರು. ಆಮೇಲೆ ಲೋಟ ತೊಳೆಯಲು ಸರದಿ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಅದರಲ್ಲಿ ನನ್ನ ಹೆಸರೊಂದು ಬಿಟ್ಟು ಎಲ್ಲರ ಹೆಸರೂ ಇತ್ತು.

ಬಸ್ಸಿನಲ್ಲಿ ಬರುವಾಗ ಸಿಟ್ಟು ಬಂತು. ಬ್ಯಾಂಕ್ ಆಫೀಸರು ಮಂಡಿ ಊರಿದರೆ ಅದು ಆಸೆ, ಅಟೆಂಡರ್ ಊರಿದರೆ ಶೋಷಣೆ. ಆಫೀಸಿನಲ್ಲಿ ಕಾಫಿ ತಾ ಅನ್ನುವುದೂ, ನನಗೆ ಬೇಕಾದವರ ಮುಂದೆ ನಾನೇ ತಲೆ ಬಾಗಿಸುವುದೂ ಒಂದೇ ಎಂದು ಇವರಿಗೆ ಯಾರು ಹೇಳಿದರು? ಆದರೆ ಒಂದು ಹುಳ ಕೊರೆಯುತ್ತಲೇ ಇದೆ. ಅವರು ಹೇಳುವುದೇ ನಿಜವಿದ್ದರೆ? ಅಪ್ಪನ ಬೆನ್ನು ಬಗ್ಗಿದ್ದು ನನ್ನ ಬೆನ್ನಿಗೂ ಇಳಿದುಬಂದು, ನಾನು ಅದನ್ನೇ ಆಸೆ ಎಂದುಕೊಂಡಿದ್ದರೆ?

ಜುಲೈ 1, ಭಾನುವಾರ

ನನಗೆ ಒಂದು ಜವಾಬ್ದಾರಿ ಕೊಟ್ಟಿದ್ದಾರೆ. ಮಾನಿಟರ್. ಯಾರದಾದರೂ ಕೈ ಕಟ್ಟಿದ್ದರೆ ಹತ್ತು ನಿಮಿಷಕ್ಕೊಮ್ಮೆ ಬೆರಳು ತಣ್ಣಗಾಗಿದೆಯೇ ನೋಡಬೇಕು, ಗಡಿಯಾರ ನೋಡಿ ಹೇಳಬೇಕು, ಬೆಲ್ ಆದರೆ ಬಾಗಿಲು ತೆರೆಯಬೇಕು. "ಇದು ತುಂಬಾ ಇಂಪಾರ್ಟೆಂಟ್ ಕೆಲಸ, ಪವರ್ ನಿಮ್ಮ ಕೈಯಲ್ಲಿರುತ್ತೆ," ಎಂದು ಕ್ಯಾಪ್ಟನ್ ಬೆನ್ನು ತಟ್ಟಿದರು.

ಕೂರಲು ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿಕೊಟ್ಟರು.

ಆಫೀಸಿನಲ್ಲೂ ನನ್ನದು ಬಾಗಿಲ ಪಕ್ಕದ ಸ್ಟೂಲು. ಅಳತೆಯೂ ಅದೇ. ಇಷ್ಟು ಓದಿದವರಲ್ಲಿ ಒಬ್ಬರಿಗೂ ಅದು ಕಾಣಿಸಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಎರಡು ಗಂಟೆ ಕೂತು ಗಡಿಯಾರ ನೋಡಿದೆ.

ಜುಲೈ 8, ಭಾನುವಾರ

ಇವತ್ತು ಹಂಸ ಮೇಡಂ ನನ್ನ ಮುಂದೆ ಬಂದು ನಿಂತು, "ಯಾಕ್ರೀ ಇಲ್ಲಿ ಕೂತಿದೀರ? ಇದು ನಿಮಗೆ ಬೇಕಾಗಿದ್ದಾ?" ಎಂದರು. ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ. "ಮತ್ತೆ ಎದ್ದು ಬನ್ನಿ," ಎಂದು ಹೊರಗೆ ಹೊರಟರು. ನಾನು ಹಿಂದೆಯೇ ಹೋದೆ.

ಹಲಸೂರು ಕೆರೆಯ ಹತ್ತಿರ ಕಾರು ನಿಲ್ಲಿಸಿ ಮಾತಾಡಿದೆವು. ಹಂಸ ಅವರ ನಿಜವಾದ ಹೆಸರೇ. ಎಲ್ಲರೂ ಇಟ್ಟುಕೊಂಡ ಹೆಸರು ಎಂದು ತಿಳಿದಿದ್ದಾರೆ, ಇವರೂ ತಿದ್ದಲು ಹೋಗಿಲ್ಲ. ದೊಡ್ಡನೆಕ್ಕುಂದಿಯ ಹಳೇ ಮನೆತನ. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋಗಿ ಈಗ ಬಾಡಿಗೆಯಲ್ಲಿ ಜೀವನ. ಗಂಡನಿಂದ ದೂರವಾಗಿ ಹನ್ನೆರಡು ವರ್ಷ. ಗುಂಪಿಗೆ ಸೇರಿ ಎರಡು ವರ್ಷವಾದರೂ ಇವರನ್ನೂ ಯಾರೂ ಹತ್ತಿರ ಬಿಟ್ಟುಕೊಂಡಿಲ್ಲ.

"ನನಗೆ ಹೇಳೋದು ಇಷ್ಟ, ಮಾಡಿಸೋದು ಇಷ್ಟ. ಆದ್ರೆ ನಾನು ಬಾಯಿ ಬಿಟ್ರೆ ಅವ್ರಿಗೆಲ್ಲ ಮನೆ ಓನರಮ್ಮ ನೆನಪಾಗ್ತಾಳೆ," ಎಂದು ನಕ್ಕರು. ನಾನೂ ನಕ್ಕೆ. ಅವರ ದನಿಯಲ್ಲಿ ನಿಜವಾಗಿಯೂ ಆ ಗತ್ತಿದೆ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. "ನಿಮಗೆ ಏನು ಬೇಕು ಅಂತ ಅವತ್ತೇ ಕೇಳಿಸ್ಕೊಂಡೆ. ಏನೇನು ಬೇಡ ಅದನ್ನ ಹೇಳಿ."

ನಾನು ಕೆರೆ ನೋಡುತ್ತಾ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಬರ್ಕೊಂಡು ಬನ್ನಿ, ಅವಸರ ಇಲ್ಲ," ಎಂದರು.

ಜುಲೈ 11, ಬುಧವಾರ

ಬೇಡ ಎಂದು ತಲೆಬರಹ ಬರೆದು ಮೂರು ದಿನವಾಯಿತು. ಕೆಳಗೆ ಏನೂ ಇಲ್ಲ. ಸಂತೆಗೆ ಹೋಗುವಾಗ ಬೇಕಾದ ಸಾಮಾನಿನ ಪಟ್ಟಿ ಬರೆಯುವುದು ಎಷ್ಟು ಸುಲಭ.

ಜುಲೈ 13, ಶುಕ್ರವಾರ

ಬಂತು.

ಒಂದು, ಲೇ ಎಂದು ಕರೆಯಬಾರದು. ಎರಡು, ಚಪ್ಪಲಿ ಮುಟ್ಟಿಸಬಾರದು, ಎತ್ತಿಸಬಾರದು. ಮೂರು, ಅಪ್ಪನ ಹೆಸರು ಎತ್ತಬಾರದು. ನಾಲ್ಕು, ಊಟದ ನಡುವೆ ನನ್ನನ್ನು ಎಬ್ಬಿಸಿ ಕೆಲಸ ಹೇಳಬಾರದು.

ನಾಲ್ಕನೆಯದು ಹಂಸ ಮೇಡಂಗೆ ಸಂಬಂಧವಿಲ್ಲ, ಮ್ಯಾನೇಜರ್ ಸಾಹೇಬರದು. ಪಟ್ಟಿ ಬರೆಯುವ ರಭಸದಲ್ಲಿ ಬಂದುಬಿಟ್ಟಿತು. ಹೊಡೆದುಹಾಕಬೇಕೆಂದುಕೊಂಡು ಹಾಗೇ ಬಿಟ್ಟಿದ್ದೇನೆ.

ಜುಲೈ 22, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಕೆರೆಯ ಹತ್ತಿರವೇ ಭೇಟಿಯಾದೆವು. ಹಂಸ ಮೇಡಂ ಪಟ್ಟಿಯನ್ನು ಎರಡು ಸಲ ಓದಿ ಚೆನ್ನಾಗಿ ಬರೆದಿದ್ದೀರಿ ಎಂದರು. ಬಹುವಚನದಲ್ಲೇ ಅಪ್ಪಣೆ ಮಾಡುವುದಾಗಿ ಒಪ್ಪಿದರು. "ಮಂಡಿ ಊರಿ ಅಂದ್ರೂ ಅಪ್ಪಣೆ ಅಪ್ಪಣೇನೇ ಅಲ್ವಾ?" ಆಮೇಲೆ, ಚಪ್ಪಲಿ ಯಾಕೆ ಎಂದು ಕೇಳಿದರು. ನಾನು ಹೇಳಿದೆ. ಗೌಡರು ಕಟ್ಟೆ ಹತ್ತುವಾಗ ಬಿಟ್ಟ ಚಪ್ಪಲಿಯನ್ನು ಅಪ್ಪ ಎತ್ತಿ, ತಲೆಯ ಟವೆಲ್ಲಿನಿಂದ ಒರೆಸಿ, ಇಳಿಯುವ ಕಡೆ ಜೋಡಿಸಿಟ್ಟು ಕಾಯುತ್ತಿದ್ದ. ಹತ್ತೊಂಬತ್ತು ವರ್ಷದ ಜೀತ. ಕಾನೂನು ಬಂದು ಬಿಡಿಸಿದಾಗ ನನಗೆ ಎಂಟು ವರ್ಷ.

ಅವರ ಮುಖ ಕಪ್ಪಿಟ್ಟಿತು. "ನಮ್ ತಾತ ದೊಡ್ಡಮುನಿಯಪ್ಪನ ಮನೇಲಿ ಮೂರು ಜನ ಜೀತದೋರಿದ್ರು," ಎಂದರು. "ತಾತ ಕೂಗಿದ್ರೆ ಊಟದ ಕೈಯಲ್ಲೇ ಓಡಿ ಬರೋರು. ಎಲ್ರೂ ಹೇಳ್ತಾರೆ, ನಂದು ಥೇಟ್ ತಾತನ ಗಂಟಲು ಅಂತ. ಶರಣಬಸವ, ನಿಮ್ಮ ಜೊತೆ ನನಗಾಗಲ್ಲ ಕಣ್ರೀ. ತಪ್ಪು ತಿಳ್ಕೋಬೇಡಿ."

ಪಟ್ಟಿಯನ್ನು ಮಡಿಸಿ ವಾಪಸ್ಸು ಕೊಟ್ಟರು. ಕಾರಿನಲ್ಲಿ ಕೆ.ಆರ್. ಪುರದವರೆಗೆ ಬಿಡುತ್ತೇನೆಂದರು. ಬೇಡವೆಂದು ಬಸ್ಸಿಗೆ ಬಂದೆ. ಒಳ್ಳೆಯವರೆಲ್ಲ ಸೇರಿಕೊಂಡು ಮರ್ಯಾದೆ ಕೊಟ್ಟು ಕೊಟ್ಟು ನನ್ನನ್ನು ಹೊರಗಿಟ್ಟರು.

ಜುಲೈ 24, ಮಂಗಳವಾರ

ಏನೂ ಇಲ್ಲ.

ಆಗಸ್ಟ್ 4, ಶನಿವಾರ

ಅಪ್ಪನ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಆಸ್ಪತ್ರೆಯಿಂದ ಬರುವಾಗ ಕೆ.ಆರ್. ಪುರದ ತೂಗುಸೇತುವೆಯ ತಂತಿಗಳನ್ನೆಲ್ಲ ಎಣಿಸಲು ಹೋಗಿ ಬಸ್ಸಿನಲ್ಲಿ ಎಲ್ಲರನ್ನೂ ನಗಿಸಿದ. ಸಂಜೆ ರೊಟ್ಟಿ ಮುರಿಯುತ್ತಾ ಖುಷಿಯಲ್ಲಿದ್ದ. ನಾನು ಧೈರ್ಯ ಮಾಡಿದೆ.

"ಯಪ್ಪಾ, ಗೌಡ್ರ ಮನ್ಯಾಗ ಇದ್ದಾಗ ನೀ ಯಾವತ್ತರೆ ಒಲ್ಲೆ ಅಂದಿದ್ದೇನು?"

ಅಪ್ಪ ರೊಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಹೊಸ ಕಣ್ಣು, ತೀಕ್ಷ್ಣವಾಗಿತ್ತು. ಆಮೇಲೆ ನಕ್ಕ. "ಒಲ್ಲೆ ಅಂತ ಹ್ಯಾಂಗ ಅನ್ಲಿ ಹುಚ್ಚಾ? ಅಂವ ಕೇಳಿದ್ರಲ್ಲ ನಾ ಒಲ್ಲೆ ಅನ್ನಾದು. ಹತ್ತೊಂಬತ್ತು ವರ್ಸದಾಗ ಒಮ್ಮೆ ಸೈತ ಕೇಳ್ಲಿಲ್ಲ. ಅಂವ ಹೇಳ್ತಿದ್ದ, ನಾ ಮಾಡ್ತಿದ್ದೆ."

ನಾನು ತುತ್ತನ್ನು ತಟ್ಟೆಗೇ ಇಟ್ಟೆ. ಅಪ್ಪ ನೀರು ಸರಿಸಿ, "ನಿಂಗ ಯಾರರೆ ಕೇಳ್ತಾರೇನು?" ಎಂದ.

"ಒಬ್ರು ಕೇಳ್ಯಾರ."

"ಹೆಣ್ಣೇನು?"

"ಹ್ಞೂಂ."

"ಹಂಗಾದ್ರ ಚಲೋ ಹೆಣ್ಣು. ಬಿಡಬ್ಯಾಡ."

ಗೋಡೆಯ ಆಚೆಯಿಂದ ಪೀರಮ್ಮ ಕೆಮ್ಮಿದಳು. ನಾಳೆ ಬೆಳಗಾಗುವಷ್ಟರಲ್ಲಿ ನನಗೆ ಮದುವೆ ಗೊತ್ತಾಗಿದೆ ಎಂದು ಸಾಲು ಮನೆಗೆಲ್ಲ ಸುದ್ದಿ. ಆಗಲಿ.

ಆಗಸ್ಟ್ 8, ಬುಧವಾರ

ಪೆನ್ನಿಗೆ ಹೊಸ ರೀಫಿಲ್ ಹಾಕಿದ್ದೇನೆ, ಬರೆಯುತ್ತದೆಯೇ ನೋಡಲು ಏನಾದರೂ ಬರೆಯಬೇಕು. ಮ್ಯಾನೇಜರ್ ಸಾಹೇಬರು ಭಾನುವಾರ ಮನೆಗೆ ಬಾ, ನೀರಿನ ತೊಟ್ಟಿ ತೊಳೆಯಬೇಕು ಎಂದರು. ಆಗಲ್ಲ ಸರ್ ಅಂದೆ. ಯಾಕೆ ಅಂದರು. ಭಾನುವಾರ ಸರ್ ಅಂದೆ. ಚೆನ್ನಾಗಿ ಬರೆಯುತ್ತದೆ, ಶಾಯಿ ಸ್ವಲ್ಪ ತೆಳು.

ಆಗಸ್ಟ್ 12, ಭಾನುವಾರ

ಫೋನು ಮಾಡಿ ಕೇಳಿಕೊಂಡು ದೊಡ್ಡನೆಕ್ಕುಂದಿಗೆ ಹೋದೆ. ನಾಲ್ಕು ಅಂತಸ್ತಿನ ಕಟ್ಟಡ, ಕೆಳಗಿನ ಮನೆ ಹಂಸ ಮೇಡಂ ಅವರದು. ನಡುಮನೆಯ ಗೋಡೆಯಲ್ಲಿ ರುಮಾಲು ಸುತ್ತಿದ ದೊಡ್ಡಮುನಿಯಪ್ಪನವರ ಪಟ. ಅವರು ಅದರ ಕೆಳಗೇ ಕೂತರು. ನಾನು ಎದುರಿಗೆ ಕೂತೆ, ಕುರ್ಚಿಯಲ್ಲಿ.

ಅಪ್ಪ ಹೇಳಿದ್ದನ್ನು ಹಾಗೆಹಾಗೇ ಹೇಳಿದೆ. "ಅಪ್ಪನ್ನ ಯಾರೂ ಕೇಳ್ಲಿಲ್ರೀ. ನೀವು ಮೊದ್ಲು ಕೇಳಿದ್ದೇ ಏನೇನು ಬೇಡ ಅಂತ. ನಿಮ್ಮ ತಾತ ಹಂಗೆ ಯಾರನ್ನಾದ್ರೂ ಕೇಳಿದ್ರೇನು?"

ಅವರು ತಲೆಯೆತ್ತಿ ಪಟ ನೋಡಿದರು. "ಅವರಾ? ದನ ಕೊಳ್ಳೋವಾಗ್ಲೂ ಯಾರನ್ನೂ ಕೇಳ್ತಿರ್ಲಿಲ್ಲ."

"ಹಂಗಾದ್ರೆ ಗಂಟಲು ಅವರದಿರಬಹುದು. ಕೇಳಿದ್ದು ನಿಮ್ದೇ."

ಒಳಗಿನಿಂದ ಅಡುಗೆಯ ಚಿಕ್ಕಮುನಿಯಮ್ಮ ಕಾಫಿ ತಂದಿಟ್ಟು ಹೋದರು. ಆಕೆ ಒಳಗೆ ಹೋದ ಮೇಲೆ ಮೇಡಂ ಹೇಳಿದರು.

"ನಿಮಗೆ ಒಲ್ಲೆ ಅನ್ನೋಕೆ ಬರ್ತದೆ ಅಂತ ನಾನು ಹೆಂಗೆ ನಂಬ್ಲಿ? ಬಾಗಿಲಲ್ಲಿ ಸ್ಟೂಲ್ ಹಾಕಿದ್ರೆ ಕೂತ್ಕೊಂಡ್ರಿ. ವೆಲ್ವೆಟ್ಟು ಯಾರ ಮಾತೂ ಕೇಳ್ಬೇಡಿ ಅಂದ್ರೆ ಅದನ್ನೂ ಕೇಳಿದ್ರಿ. ಅದಕ್ಕೇ ಒಂದು ಮಾಡೋಣ. ಮೊದಲನೇ ದಿನ ನೀವು ನಿಲ್ಲಿಸ್ಲೇಬೇಕು. ನಿಮಗೆ ಇಷ್ಟ ಆಗ್ತಿದ್ರೂ ಸರಿ, ನಡುವೆ ಒಲ್ಲೆ ಅನ್ಬೇಕು. ಅರ್ಧ ಗಂಟೆ ಒಳಗೆ. ನಿಮಗೆ ಅನ್ನೋಕೆ ಬರ್ತದಾ ಅಂತ ನಾನು ನೋಡ್ಬೇಕು. ಅಂದಾಗ ನಿಲ್ಲಿಸೋಕೆ ನನಗೆ ಬರ್ತದಾ ಅಂತ ನಾನೂ ನೋಡ್ಕೋಬೇಕು. ಗುಂಪಿನೋರ ಮುಂದೆನೇ ಆಗ್ಲಿ. ನಾನು ನಿಲ್ಲಿಸ್ದೆ ಇದ್ರೆ ಅವ್ರು ನಿಲ್ಲಿಸ್ತಾರೆ."

"ನನ್ನ ಬಾಯಿಂದ ಬರದಿದ್ರೆ?"

"ಬರದಿದ್ರೆ ಇನ್ಮುಂದೆ ನಾವಿಬ್ರೂ ಬರೀ ಕಾಫಿ ಕುಡಿಯೋಣ. ಇದನ್ನ ಮತ್ತೆ ಎತ್ತೋದು ಬೇಡ."

ಒಪ್ಪಿದೆ.

ಆಗಸ್ಟ್ 19, ಭಾನುವಾರ

ಗುಂಪಿಗೆ ಹೋಗಿ ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ. ಕೈ ಕಟ್ಟಿಕೊಳ್ಳದೆ ಮಾತಾಡುವುದು ಕಷ್ಟ, ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಜೇಬಿಗೆ ಹಾಕಿಕೊಂಡೆ. "ಬ್ಯಾಂಕ್ ಸರ್‌ನ ಕೇಳಿದ ಹಾಗೇ ನನ್ನೂ ಕೇಳಿ. ನಾನು ಅಟೆಂಡರ್ ಅಂತ ನನ್ನ ಉತ್ತರನ ನೀವೇ ಹೇಳ್ಬೇಡಿ. ಆಫೀಸ್ನಲ್ಲಿ ಅದನ್ನೇ ಮಾಡ್ತಾರೆ, ನೀವು ಬಹಳ ಪ್ರೀತಿಯಿಂದ ಮಾಡ್ತೀರಿ, ಅಷ್ಟೇ."

ವೆಲ್ವೆಟ್ ಮೇಡಂ ಅತ್ತುಬಿಟ್ಟರು. ಇಂಗ್ಲಿಷಿನಲ್ಲಿ ಎಷ್ಟು ದೊಡ್ಡ ಕ್ಷಮೆ ಕೇಳಿದರೆಂದರೆ ಕೊನೆಗೆ ನಾನೇ ನೀರು ತಂದುಕೊಟ್ಟು ಸಮಾಧಾನ ಮಾಡಬೇಕಾಯಿತು. ನೀರು ತಂದದ್ದಕ್ಕೂ ಇನ್ನೊಂದು ಕ್ಷಮೆ ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೂ ನಂಗೆ ಭಯ ಆಗುತ್ತೆ ಶರಣಬಸವ. ನಿಮಗೇ ಗೊತ್ತಿಲ್ದೆ ಇದು ನಿಮಗೆ ನೋವು ಮಾಡಿದ್ರೆ?" ಎಂದರು. ಅದು ಮಾತ್ರ ನೇರವಾದ ಪ್ರಶ್ನೆ. ನನಗೂ ಅದೇ ಭಯ ಎಂದೆ. ಕ್ಯಾಪ್ಟನ್ ಸ್ಟೂಲನ್ನು ನೋಡಿದರು, ನನ್ನನ್ನು ನೋಡಿದರು. "ಶಿಟ್," ಎಂದರು. ಈಗ ಕಾಣಿಸಿತು ಅನ್ನಿಸುತ್ತದೆ. ಹಂಸ ಮೇಡಂ ಹೇಳಿದ ಆ ಮೊದಲನೇ ದಿನ ಮುಂದಿನ ಭಾನುವಾರದ ಮೇಲಿನ ಭಾನುವಾರ ಎಂದು ನಿಗದಿಯಾಯಿತು.

ಆಗಸ್ಟ್ 29, ಬುಧವಾರ

ಅಭ್ಯಾಸ ಮಾಡುತ್ತಿದ್ದೇನೆ. ಇವತ್ತು ಅಪ್ಪ ನಾಲ್ಕನೇ ಚಹಾ ಕೇಳಿದಾಗ ಒಲ್ಲೆ ಅಂದೆ. ಅಪ್ಪ ಬಾಯಿ ತೆರೆದುಕೊಂಡು ಕೂತ. ಮನಸ್ಸು ತಡೆಯದೆ ಮಾಡಿಕೊಟ್ಟೆ. ಬಸ್ಸಿನಲ್ಲಿ ಒಬ್ಬರು ಸೀಟು ಬಿಟ್ಟುಕೊಡಿ ಅಂದರು, ಒಲ್ಲೆ ಅನ್ನುವಷ್ಟರಲ್ಲಿ ಎದ್ದು ನಿಂತಿದ್ದೆ. ಸೊಂಟಕ್ಕಿಂತ ನಾಲಿಗೆಗೇ ಹೆಚ್ಚು ವ್ಯಾಯಾಮ ಬೇಕು. ಪೀರಮ್ಮ ಹೆಣ್ಣಿನ ಊರು ಯಾವುದು ಎಂದು ಕೇಳಿದಳು. ಹೇಳಲೊಲ್ಲೆ ಅಂದೆ, ಅದು ಸುಲಭವಾಗಿ ಬಂತು. ಆದರೆ ಅದು ಲೆಕ್ಕಕ್ಕಿಲ್ಲ. ಪೀರಮ್ಮ ಅಂದರೆ ನನಗೆ ಭಯವಿಲ್ಲ.

ಸೆಪ್ಟೆಂಬರ್ 2, ಭಾನುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಮುಂದೆಂದಾದರೂ ನನಗೇ ಅನುಮಾನ ಬಂದರೆ ತೆಗೆದು ಓದಬೇಕು.

ಕ್ಯಾಪ್ಟನ್ ಅವರ ಹಾಲಿನಲ್ಲಿ ಆರು ಜನ. ಹನ್ನೊಂದೂಕಾಲು ಗಂಟೆ, ಕಿಟಕಿಯಿಂದ ಬಿಸಿಲು. ಹಂಸ ಮೇಡಂ ಹಳೆಯ ಕಾಟನ್ ಸೀರೆಯಿಂದ ಹರಿದ ಬಟ್ಟೆಪಟ್ಟಿಯೊಂದನ್ನು ತಂದಿದ್ದರು, ಮೆತ್ತಗಿತ್ತು. ನನ್ನ 'ಬೇಡ' ಪಟ್ಟಿಯನ್ನು ಕೇಳಿ ತೆಗೆದುಕೊಂಡು ಎಲ್ಲರ ಮುಂದೆ ಓದಿದರು, ಮ್ಯಾನೇಜರ್ ಸಾಹೇಬರ ನಾಲ್ಕನೆಯದನ್ನೂ ಸೇರಿಸಿ. ನಿಲ್ಲಿಸುವ ಮಾತು ಯಾವುದು ಎಂದು ಕೇಳಿದರು. ಇಲ್ಲಿ ಎಲ್ಲರೂ ರೆಡ್ ಅನ್ನುತ್ತಾರೆ. "ಒಲ್ಲೆ," ಅಂದೆ. "ಒಪ್ಪಿಗೆನಾ?" ಎಂದರು. "ಒಪ್ಪಿಗೆ."

"ಶರಣಬಸವ, ಮಂಡಿ ಊರಿ."

ಊರಿದೆ. ಮಣಿಕಟ್ಟು ಜೋಡಿಸಿ ಕಟ್ಟಿದರು, ಬೆರಳು ತೂರಿಸಿ ಸಡಿಲ ನೋಡಿದರು. "ಬೆನ್ನು ನೆಟ್ಟಗೆ. ನೆಲ ನೋಡಿ. ನಾನು ಹೇಳೋವರೆಗೂ ಅಲುಗಾಡಬೇಡಿ." ಆ ದನಿ! ಹದಿನಾಲ್ಕು ವರ್ಷದಿಂದ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ ದನಿ ಹೊರಗಿನಿಂದ ಬಂತು. ಆಫೀಸು, ರೂಮು, ಬಸ್ಸು, ನಾಳೆಯ ನೀರು, ಎಲ್ಲವೂ ತಲೆಯಿಂದ ಇಳಿದುಹೋಯಿತು. ಮೈ ಹಗುರಾಯಿತು. ಇಷ್ಟು ಸುಖವಿರುತ್ತದೆಂದು ನನಗೆ ತಿಳಿದಿರಲಿಲ್ಲ. ಅವರು ಸುತ್ತ ನಡೆದರು, ತಲೆ ಇನ್ನೂ ತಗ್ಗಿಸಿ ಎಂದರು, ತಗ್ಗಿಸಿದೆ.

ತೊಂದರೆ ಶುರುವಾದದ್ದು ಆಗ. ನಿಲ್ಲಿಸಬೇಕೆಂದು ನೆನಪಿದೆ, ನಿಲ್ಲಿಸುವ ಮನಸ್ಸಿಲ್ಲ. ಹತ್ತು ನಿಮಿಷ ಎಂದರು ಕ್ಯಾಪ್ಟನ್. ಬಾಯಿ ತೆರೆದೆ, ದನಿ ಬರಲಿಲ್ಲ. ಅವರು ಬೇಜಾರಾಗುತ್ತಾರೇನೋ ಅನ್ನಿಸಿತು. ಇಷ್ಟು ಜನರ ಭಾನುವಾರ ಹಾಳಾಗುತ್ತದೇನೋ ಅನ್ನಿಸಿತು. ಇನ್ನೊಂದು ನಿಮಿಷ ಬಿಟ್ಟು ಅನ್ನೋಣ ಅನ್ನಿಸಿತು. ಇಪ್ಪತ್ತು ನಿಮಿಷ. ಹಂಸ ಮೇಡಂ ಅವರ ಹೆಜ್ಜೆ ನಿಧಾನವಾಯಿತು. ಅವರ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. ಅವರು ಹೆದರಿದ್ದರು. ಆದರೂ ಕೊಟ್ಟ ಮಾತಿನಂತೆ, ತಾವೇ ನಿಲ್ಲಿಸಿ ನನಗೆ ಅನುಕೂಲ ಮಾಡಿಕೊಡಲಿಲ್ಲ.

ಇಪ್ಪತ್ತೈದು.

ಬೆವರು ಮೂಗಿನ ತುದಿಯಿಂದ ಬಿತ್ತು. ಆಗ ನನಗೆ ಒಂದು ಗೊತ್ತಾಯಿತು. ಮಂಡಿ ಊರಲು ನನಗೆ ಯಾರೂ ಕಲಿಸಿಲ್ಲ. ಅದು ನಾನೇ ಹುಡುಕಿಕೊಂಡು ಎರಡು ಬಸ್ಸು ಬದಲಿಸಿ ಬಂದದ್ದು. ಅಪ್ಪನಿಂದ ಬಂದದ್ದು ಈಗ ಗಂಟಲಲ್ಲಿ ಕೂತಿರುವ ಈ ಸುಮ್ಮನಿರುವಿಕೆ. ಇಷ್ಟು ವರ್ಷ ಎರಡನ್ನೂ ಒಂದೇ ಎಂದುಕೊಂಡು ಎರಡಕ್ಕೂ ನಾಚಿಕೊಂಡಿದ್ದೆ.

"ಒಲ್ಲೆ," ಅಂದೆ.

ಸಣ್ಣ ದನಿ. ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಹಂಸ ಮೇಡಂ ಅಷ್ಟರಲ್ಲೇ ನನ್ನ ಮುಂದೆ ಕೂತು ಗಂಟು ಎಳೆದಿದ್ದರು. ಬಟ್ಟೆಪಟ್ಟಿ ಕೆಳಗೆ ಬಿತ್ತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಅಂಗೈ ತೆರೆದು ತೋರಿಸಿದರು. "ನಿಲ್ಲಿಸ್ದೆ," ಎಂದರು. ಮತ್ತೊಮ್ಮೆ, ನನಗಲ್ಲ, ತಮಗೇ ಹೇಳಿಕೊಳ್ಳುವಂತೆ, "ನಿಲ್ಲಿಸ್ದೆ ಕಣ್ರೀ."

ನಾನು ಅತ್ತೆ. ನಾಚಿಕೆಯಾಗಲಿಲ್ಲ. ಒಂದು ಮಾತಿಗೆ ಮನುಷ್ಯರೊಬ್ಬರು ಹಾಗೆ ಹಿಂದೆ ಸರಿದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ವೆಲ್ವೆಟ್ ಮೇಡಂ ನೀರು ತಂದರು, ಕುಡಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಪುಣ್ಯಕ್ಕೆ. ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

ಹಂಸ ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು. "ಈಗ ಏನ್ ಮಾಡೋಣ? ಮನೆಗೆ ಹೋಗ್ತೀರೋ, ಕಾಫಿ ಕುಡೀತೀರೋ? ನೀವು ಹೇಳ್ದಂಗೆ."

ನಾನು ಯೋಚಿಸಿದೆ. ಉತ್ತರ ಹೇಳಲು ಅವರು ಬೇಕಾದಷ್ಟು ಸಮಯ ಕೊಟ್ಟರು. ನೆಲದ ಮೇಲೆ ಬಿದ್ದಿದ್ದ ಬಟ್ಟೆಪಟ್ಟಿಯನ್ನು ಎತ್ತಿ, ಧೂಳು ಕೊಡವಿ, ಅವರ ಕೈಗೆ ಕೊಟ್ಟೆ. ಎರಡೂ ಕೈ ಮುಂದಕ್ಕೆ ಚಾಚಿದೆ.

"ಈಗ ಕಟ್ರಿ," ಅಂದೆ. "ಈಗ ಇದು ನಂದೇ."